ಕಾಫಿ ತೋಟದ ಹುಳಕ್ಕೆ ಮದ್ದು ಹೊಡೆಯುವ ಮುಂಚೆ: ಮಿತ್ರಕೀಟಗಳನ್ನು ಉಳಿಸಿಕೊಂಡು ಹತೋಟಿ ಮಾಡುವ ಕ್ರಮ

"ಫೆಬ್ರವರಿಯಲ್ಲಿ ಮದ್ದು ಹೊಡೆದೆವು, ಏಪ್ರಿಲ್ ಹೊತ್ತಿಗೆ ಮೊದಲಿಗಿಂತ ಜಾಸ್ತಿ ಆಯ್ತು." "ದುಡ್ಡು ಕೊಟ್ಟು ಗುಲಗಂಜಿ ಹುಳ ತಂದು ಬಿಟ್ಟೆವು, ವಾರ ಬಿಟ್ಟು ನೋಡಿದರೆ ಒಂದೂ ಇಲ್ಲ." ಬೇಸಿಗೆ ಬಂತೆಂದರೆ ಮೂಡಿಗೆರೆ, ಸಕಲೇಶಪುರ, ಸೋಮವಾರಪೇಟೆ ಕಡೆಯ ತೋಟದವರಿಂದ ಈ ಎರಡು ಮಾತು ಕೇಳುತ್ತಲೇ ಇರುತ್ತೇನೆ. ಎರಡರಲ್ಲೂ ತಪ್ಪಿರುವುದು ಮದ್ದಿನಲ್ಲೂ ಅಲ್ಲ, ಹುಳದಲ್ಲೂ ಅಲ್ಲ. ಯಾವ ಕೆಲಸ ಮೊದಲು, ಯಾವುದು ಆಮೇಲೆ ಅನ್ನುವ ಕ್ರಮ ತಪ್ಪಿದೆ.

ಇನ್ನೊಂದು ವಿಷಯವನ್ನೂ ಈಗಲೇ ಹೇಳಿಬಿಡುತ್ತೇನೆ. ಗುಲಗಂಜಿ ಹುಳದ ಹಾಗೆ ಹಾನಿಕಾರಕ ಹುಳಗಳನ್ನು ಕೊಲ್ಲುವ ಕೀಟಗಳೇ ಮಿತ್ರಕೀಟ. ಆದರೆ ಎಲ್ಲಾ ಹುಳಕ್ಕೂ ಅದು ಪರಿಹಾರ ಅಲ್ಲ. ರಸ ಹೀರುವ ಹಿಟ್ಟು ತಿಗಣೆ ಮತ್ತು ಹಸಿರು ತಿಗಣೆಯನ್ನು ಬಹುಪಾಲು ಮಿತ್ರಕೀಟಗಳಿಗೇ ಬಿಡಬಹುದು. ಕಾಯಿ ಕೊರೆಯುವ ಬೆರಿ ಬೋರರ್‌ಗೆ ನಮ್ಮ ಕೈಕೆಲಸ ಮೊದಲು, ಮಿತ್ರಕೀಟ ಆಮೇಲೆ. ಕಾಂಡಕೊರಕಕ್ಕೆ ಪೂರ್ತಿ ನಮ್ಮದೇ ಕೆಲಸ. ಈ ವ್ಯತ್ಯಾಸ ತಲೆಯಲ್ಲಿದ್ದರೆ ಅರ್ಧ ಖರ್ಚು ಉಳಿಯುತ್ತದೆ.

## ಮೊದಲು ಕೈಯಲ್ಲಿ ಇರಬೇಕಾದ ಸಾಮಾನು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಕೈ ಲೆನ್ಸ್ ಬೇಕೇ ಬೇಕು. ಇದಿಲ್ಲದೆ ಮುಂದಿನ ಯಾವ ಹಂತವೂ ನಡೆಯುವುದಿಲ್ಲ. ಜೊತೆಗೆ ಬಣ್ಣದ ಪ್ಲಾಸ್ಟಿಕ್ ದಾರ ಅಥವಾ ಬಟ್ಟೆ ಚೂರು, ಜೇಬಿಗೆ ಹಿಡಿಯುವ ಪುಸ್ತಕ, ಕಸಿ ಕತ್ತರಿ, ಬಾಯಗಲದ ನಾಲ್ಕೈದು ಗಾಜಿನ ಬಾಟಲಿ, ಅವುಗಳ ಬಾಯಿಗೆ ಕಟ್ಟಲು ತೆಳು ಬಟ್ಟೆ, ರಬ್ಬರ್ ಬ್ಯಾಂಡ್. ಕಾಫಿಯಲ್ಲಿ ಅರೇಬಿಕಾ, ರೊಬಸ್ಟಾ ಅಂತ ಎರಡು ಮುಖ್ಯ ಜಾತಿ. ಅರೇಬಿಕಾ ತೋಟವಾದರೆ ಕಾಂಡ ಉಜ್ಜಲು ತೆಂಗಿನ ಸಿಪ್ಪೆ ಅಥವಾ ನಾರಿನ ಕೈಗವಸು ಸೇರಿಸಿಕೊಳ್ಳಿ.

ಸ್ಪ್ರೇಯರ್ ಈ ಪಟ್ಟಿಯಲ್ಲಿ ಇಲ್ಲ. ಅದು ಕೊನೆಗೆ ಬರುತ್ತದೆ.

## ಹಂತ 1: ಯಾವ ಹುಳ ಅಂತ ಗೊತ್ತುಮಾಡಿಕೊಳ್ಳಿ

"ಗಿಡಕ್ಕೆ ಬಿಳಿ ಹಿಡಿದಿದೆ" ಅನ್ನುವಷ್ಟು ಸಾಲದು. ಹತ್ತಿರ ಹೋಗಿ, ಎಲೆ ಮಗುಚಿ, ಲೆನ್ಸ್ ಹಿಡಿದು ನೋಡಿ.

ಹಿಟ್ಟು ತಿಗಣೆ, ಅಂದರೆ ಮೀಲಿ ಬಗ್. ಎಳೆ ಚಿಗುರು, ಗೆಣ್ಣು, ಮೊಗ್ಗು, ಕಾಯಿ ಗೊಂಚಲಿನ ಸಂದಿಯಲ್ಲಿ ಹಿಟ್ಟು ಮೆತ್ತಿದ ಹಾಗೆ ಕೂತಿರುತ್ತದೆ. ನಮ್ಮಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಉದ್ದುದ್ದ, ಸ್ವಲ್ಪ ಚಪ್ಪಟೆ, ಬೆನ್ನ ನಡುವೆ ಮಸುಕಾದ ಗೆರೆ. ಇನ್ನೊಂದು ದುಂಡಗೆ ಉಬ್ಬಿಕೊಂಡು, ಮೇಲೆ ದಪ್ಪ ಮೇಣ ಹೊದ್ದಿರುತ್ತದೆ. ಈ ಎರಡನ್ನೂ ಬೇರೆ ಮಾಡಿ ಬರೆದಿಟ್ಟುಕೊಳ್ಳಿ, 5ನೇ ಹಂತದಲ್ಲಿ ಬೇಕಾಗುತ್ತದೆ.

ಹಸಿರು ತಿಗಣೆ. ಎಲೆಯ ಅಡಿಯಲ್ಲಿ ನಡು ನರದ ಉದ್ದಕ್ಕೂ, ಎಳೆ ಕಾಂಡದ ಮೇಲೆ ಚಪ್ಪಟೆ ಹಸಿರು ಮಚ್ಚೆಗಳ ಹಾಗೆ ಅಂಟಿರುತ್ತದೆ. ಅದರ ಕೆಳಗಿನ ಎಲೆಗಳ ಮೇಲೆ ಮಸಿ ಬಳಿದಂಥ ಕಪ್ಪು ಬೂಷ್ಟು. ಮಸಿ ಕಂಡ ಕೂಡಲೇ ಶಿಲೀಂಧ್ರ ನಾಶಕ ಹೊಡೆಯುವವರಿದ್ದಾರೆ. ಅದರಿಂದ ಏನೂ ಉಪಯೋಗ ಇಲ್ಲ. ಹುಳ ಸುರಿಸುವ ಸಿಹಿ ಅಂಟಿನ ಮೇಲೆ ಬೆಳೆಯುವ ಬೂಷ್ಟು ಅದು. ಹುಳ ಹೋದರೆ ತಾನಾಗಿ ಒಣಗಿ ಉದುರುತ್ತದೆ.

ಬೆರಿ ಬೋರರ್, ಕಾಯಿಕೊರಕ. ಕಾಯಿಯ ತುದಿಯ ಹೊಕ್ಕುಳಲ್ಲಿ ಗುಂಡುಸೂಜಿ ಚುಚ್ಚಿದಷ್ಟು ತೂತು. ಕಾಯಿ ಒಡೆದರೆ ಎಳ್ಳಿಗಿಂತ ಚಿಕ್ಕ ಕಪ್ಪು ದುಂಬಿ, ಉದ್ದ ಎರಡು ಮಿಲಿಮೀಟರ್ ಒಳಗೆ.

ಬಿಳಿ ಕಾಂಡಕೊರಕ. ಅರೇಬಿಕಾದ ಶತ್ರು. ಎಲೆ ಹಳದಿಯಾಗಿ ಗಿಡ ಬಾಡುತ್ತದೆ, ಕಾಂಡದ ಸಿಪ್ಪೆಯ ಮೇಲೆ ಉಬ್ಬು ಗೆರೆಗಳು ಏಳುತ್ತವೆ.

ರೆಂಬೆಕೊರಕ, ಶಾಟ್ ಹೋಲ್ ಬೋರರ್. ಹೆಚ್ಚಾಗಿ ರೊಬಸ್ಟಾದಲ್ಲಿ. ಎಳೆ ರೆಂಬೆ ತುದಿಯಿಂದ ಒಣಗುತ್ತದೆ, ಅಡಿಭಾಗದಲ್ಲಿ ಸಣ್ಣ ಗುಂಡು ತೂತು ಇರುತ್ತದೆ. ಇದಕ್ಕೆ ಬಹಳ ಹೇಳುವುದೇನಿಲ್ಲ. ತೂತಿನಿಂದ ಎರಡು ಮೂರು ಇಂಚು ಕೆಳಗೆ ಕತ್ತರಿಸಿ, ಅದೇ ದಿನ ಸುಡಿ. ಕಾಂಡದಿಂದ ನೇರ ಮೇಲೇಳುವ ಕಂಬ ಚಿಗುರುಗಳನ್ನು ಕಾಲಕಾಲಕ್ಕೆ ತೆಗೆಯಿರಿ. ಕತ್ತರಿಸಿದ್ದನ್ನು ಗಿಡದ ಬುಡದಲ್ಲೇ ಬಿಟ್ಟರೆ ಮಾಡಿದ ಕೆಲಸ ದಂಡ.

## ಹಂತ 2: ಮಿತ್ರ ಯಾರು ಅಂತ ಕಲಿಯಿರಿ, ಆಳುಗಳಿಗೂ ತೋರಿಸಿ

ಅತಿ ಹೆಚ್ಚು ನಷ್ಟ ಆಗುವ ಜಾಗ ಇದು, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹಿಟ್ಟು ತಿಗಣೆ ತಿನ್ನುವ ಗುಲಗಂಜಿ ಹುಳದ ಹೆಸರು ಕ್ರಿಪ್ಟೋಲೀಮಸ್. ದೊಡ್ಡದು ಸುಮಾರು ನಾಲ್ಕು ಮಿಲಿಮೀಟರ್, ಮೈ ಕಪ್ಪು ಕಂದು, ತಲೆ ಕಡೆ ಮತ್ತು ಹಿಂದಿನ ತುದಿ ಕಿತ್ತಳೆ ಕಂದು. ಇದನ್ನು ಎಲ್ಲರೂ ಗುರುತಿಸುತ್ತಾರೆ. ಗುರುತು ಸಿಗದಿರುವುದು ಇದರ ಮರಿ. ಮೈತುಂಬಾ ಬಿಳಿ ಮೇಣದ ಎಳೆ ಹೊತ್ತು, ಒಂದು ಸೆಂಟಿಮೀಟರ್‌ಗಿಂತ ಉದ್ದ ಬೆಳೆಯುತ್ತದೆ. ನೋಡಲು ದೊಡ್ಡ ಹಿಟ್ಟು ತಿಗಣೆ ಥರವೇ.

ನಮ್ಮ ತೋಟದಲ್ಲಿ ಒಂದು ವರ್ಷ ಹುಳ ಬಿಟ್ಟು ಮೂರನೇ ವಾರ ನೋಡಲು ಹೋದೆ. ಇಬ್ಬರು ಆಳುಗಳು ಬಟ್ಟೆ ಹಿಡಿದು ಗಿಡ ಗಿಡಕ್ಕೂ ಬಿಳಿ ಹುಳ ಒರೆಸುತ್ತಿದ್ದರು. "ಅಣ್ಣಾ, ಇಲ್ಲಿ ಇಷ್ಟು ದಪ್ಪದ್ದು ಬಂದಿದೆ ನೋಡಿ" ಅಂತ ಬಟ್ಟೆ ಬಿಡಿಸಿ ತೋರಿಸಿದರು. ಬಟ್ಟೆಯಲ್ಲಿ ಇದ್ದವೆಲ್ಲ ಕ್ರಿಪ್ಟೋಲೀಮಸ್ ಮರಿಗಳು. ತಪ್ಪು ಅವರದ್ದಲ್ಲ. ಮುಂಚೆಯೇ ನಾನು ತೋರಿಸಿರಲಿಲ್ಲ.

ವ್ಯತ್ಯಾಸ ಹೀಗೆ ನೋಡಿ. ಕಡ್ಡಿಯಿಂದ ಮೆಲ್ಲಗೆ ಮುಟ್ಟಿ. ಹಿಟ್ಟು ತಿಗಣೆ ಜಾಗ ಬಿಟ್ಟು ಕದಲುವುದು ಕಷ್ಟ, ಕದಲಿದರೂ ನಿಧಾನ. ಗುಲಗಂಜಿ ಮರಿ ಕಾಲು ಎತ್ತಿ ಚುರುಕಾಗಿ ಓಡುತ್ತದೆ. ಮರಿಯ ಮೇಣದ ಎಳೆಗಳು ಉದ್ದ, ಗುಂಗುರು. ತಿಗಣೆಯ ಮೈ ಸುತ್ತಲಿನ ಎಳೆಗಳು ಗಿಡ್ಡ, ಅಂಚಿಗೆ ಜೋಡಿಸಿದ ಹಾಗೆ. ಒಂದು ಬಾಟಲಿಯಲ್ಲಿ ಎರಡನ್ನೂ ಹಾಕಿ ಮೇಸ್ತ್ರಿಗೆ, ಕೆಲಸದವರಿಗೆ ಒಮ್ಮೆ ತೋರಿಸಿಬಿಡಿ. ಹತ್ತು ನಿಮಿಷದ ಕೆಲಸ.

ಇನ್ನೊಂದು ಗೆಳೆಯ ತಾನಾಗಿಯೇ ಬರುತ್ತದೆ, ದುಡ್ಡು ಕೊಟ್ಟು ತರಬೇಕಿಲ್ಲ. ಸ್ಪಾಲ್ಗಿಸ್ ಅನ್ನುವ ಪುಟ್ಟ ಬೂದು ಚಿಟ್ಟೆಯ ಹುಳು. ಚಿಟ್ಟೆಯ ಹುಳು ಅಂದರೆ ಎಲೆ ತಿನ್ನುತ್ತದೆ ಅಂದುಕೊಳ್ಳುತ್ತೇವೆ. ಇದು ಎಲೆ ಮುಟ್ಟುವುದಿಲ್ಲ, ಹಿಟ್ಟು ತಿಗಣೆಯನ್ನೇ ತಿಂದು ಬೆಳೆಯುತ್ತದೆ. ತಿಗಣೆಯ ಹಿಟ್ಟನ್ನೇ ಮೈಗೆ ಬಳಿದುಕೊಂಡು ಅವುಗಳ ನಡುವೆ ಕೂತಿರುತ್ತದೆ. ಹುಳು ಕಣ್ಣಿಗೆ ಬೀಳದಿದ್ದರೆ ಅದರ ಕೋಶ ಹುಡುಕಿ. ಎಲೆ ಮೇಲೋ ಕಡ್ಡಿ ಮೇಲೋ ಅಂಟಿದ ಆ ಪುಟ್ಟ ಕೋಶವನ್ನು ಲೆನ್ಸ್‌ನಲ್ಲಿ ನೋಡಿದರೆ ಥೇಟ್ ಕೋತಿ ಮುಖ. ಕಣ್ಣು, ಮೂಗು ಎಲ್ಲಾ ಬರೆದಿಟ್ಟ ಹಾಗೆ. ಒಂದು ಸಲ ನೋಡಿದವರು ಮರೆಯುವುದಿಲ್ಲ. ಅಂಥ ಕೋಶ ಇರುವ ಗಿಡಕ್ಕೆ ಮದ್ದು ಬೇಡ.

ಹಸಿರು ತಿಗಣೆಯ ಗೆಳೆಯ ಒಂದು ಬಿಳಿ ಬೂಷ್ಟು. ಮಳೆಗಾಲದಲ್ಲಿ ತಿಗಣೆಯ ಸುತ್ತ ಬಿಳಿ ಉಂಗುರ ಹಾಕಿದ ಹಾಗೆ ಕಾಣುತ್ತದೆ. ಅದನ್ನು ರೋಗ ಅಂದುಕೊಂಡು ಗಾಬರಿಯಾಗಬೇಡಿ. ರೋಗ ಹೌದು, ಆದರೆ ಗಿಡಕ್ಕಲ್ಲ, ಹುಳಕ್ಕೆ. ಹಾಗೇ ಕೆಲವು ತಿಗಣೆ ಕಪ್ಪಾಗಿ ಮೇಲೆ ಗುಂಡು ತೂತು ಇದ್ದರೆ, ಒಳಗೆ ಬೆಳೆದ ಪುಟ್ಟ ಕಣಜ ಹೊರಗೆ ಹಾರಿದೆ ಅಂತ ಅರ್ಥ.

## ಹಂತ 3: ಲೆಕ್ಕ ಹಾಕಿ, ದಾರ ಕಟ್ಟಿ

ತೋಟವನ್ನು ಬ್ಲಾಕ್ ಲೆಕ್ಕದಲ್ಲಿ ನೋಡಿ. ನಾನು ಎಕರೆಗೆ ಸುಮಾರು 30 ಗಿಡ ನೋಡುತ್ತೇನೆ. ಸಾಲು ಹಿಡಿದು ಹೋಗದೆ ಅಡ್ಡಾದಿಡ್ಡಿ ನಡೆಯುತ್ತೇನೆ. ರಸ್ತೆ ಬದಿಯ ಗಿಡ ಮಾತ್ರ ನೋಡಿ ಬಂದರೆ ಲೆಕ್ಕ ತಪ್ಪುತ್ತದೆ, ಧೂಳು ಕೂತ ಕಡೆ ಹುಳ ಯಾವಾಗಲೂ ಹೆಚ್ಚು.

ಪ್ರತಿ ಗಿಡದಲ್ಲೂ ಮೂರು ವಿಷಯ ಬರೆದುಕೊಳ್ಳಿ: ಹುಳ ಇದೆಯಾ, ಇರುವೆ ಓಡಾಡುತ್ತಿದೆಯಾ, ಮಿತ್ರಕೀಟ ಕಂಡಿತಾ. ಹುಳ ಇರುವ ಗಿಡಕ್ಕೆ ದಾರ ಕಟ್ಟಿ. ಬೇಸಿಗೆಯಲ್ಲಿ, ಜನವರಿಯಿಂದ ಮಳೆ ಹಿಡಿಯುವವರೆಗೆ, ಹದಿನೈದು ದಿನಕ್ಕೊಮ್ಮೆ ಈ ಸುತ್ತು ಬೇಕು. ಹಿಟ್ಟು ತಿಗಣೆ ಎಲ್ಲಾ ಗಿಡಕ್ಕೂ ಒಂದೇ ಸಲ ಬರುವುದಿಲ್ಲ. ಅಲ್ಲೊಂದು ಇಲ್ಲೊಂದು ಗುಂಪಾಗಿ ಶುರುವಾಗುತ್ತದೆ. ಆ ಗುಂಪು ಸಿಕ್ಕರೆ ಕೆಲಸ ಹತ್ತು ಗಿಡಕ್ಕೆ ಮುಗಿಯುತ್ತದೆ. ಸಿಗದಿದ್ದರೆ ಇಡೀ ಬ್ಲಾಕ್.

ದಾರ ಕಟ್ಟಿದ ಗಿಡದಿಂದ ಹುಳ ಕೂತ ನಾಲ್ಕು ಕಡ್ಡಿ ಮುರಿದು ಬಾಟಲಿಗೆ ಹಾಕಿ, ಬಾಯಿಗೆ ತೆಳು ಬಟ್ಟೆ ಬಿಗಿದು ನೆರಳಲ್ಲಿಡಿ. ಎರಡು ಮೂರು ವಾರ ಬಿಟ್ಟು ನೋಡಿ. ತಿಗಣೆಗಳು ಗಟ್ಟಿಯಾಗಿ, ಕಂದು ಬಣ್ಣದ ಪುಟ್ಟ ಪೀಪಾಯಿ ಹಾಗೆ ಆಗಿದ್ದರೆ, ಬಟ್ಟೆಗೆ ಸಣ್ಣ ಕಣಜಗಳು ಅಂಟಿದ್ದರೆ, ನಿಮ್ಮ ತೋಟದಲ್ಲಿ ಕೆಲಸಗಾರರು ಈಗಾಗಲೇ ಇದ್ದಾರೆ. ಹೊಸದಾಗಿ ತರುವುದಕ್ಕಿಂತ ಇರುವವರನ್ನು ಉಳಿಸಿಕೊಳ್ಳುವುದು ಲಾಭ, ಅಲ್ವಾ?

## ಹಂತ 4: ಇರುವೆಯನ್ನು ಬೇರೆ ಮಾಡಿ

ಹುಳ ತಂದು ಬಿಟ್ಟರೂ ಸೋಲುವವರಲ್ಲಿ ಹೆಚ್ಚಿನವರು ಸೋಲುವುದು ಇಲ್ಲಿ.

ಹಿಟ್ಟು ತಿಗಣೆ, ಹಸಿರು ತಿಗಣೆ ಎರಡೂ ರಸ ಹೀರಿ ಸಿಹಿ ಅಂಟು ಬಿಡುತ್ತವೆ. ಇರುವೆಗೆ ಅದು ಊಟ. ಊಟ ಕೊಡುವ ಹಸುವನ್ನು ಕಾಯುವ ಹಾಗೆ ಇರುವೆ ತಿಗಣೆಯನ್ನು ಕಾಯುತ್ತದೆ. ಮರಿ ತಿಗಣೆಗಳನ್ನು ಹೊತ್ತು ಬೇರೆ ಗಿಡಕ್ಕೆ ಸಾಗಿಸುತ್ತದೆ. ಗುಲಗಂಜಿ ಹುಳ ಬಂದರೆ ಕಚ್ಚಿ ಓಡಿಸುತ್ತದೆ. ಬೆಳಿಗ್ಗೆ ಎಂಟು ಗಂಟೆ ಹೊತ್ತಿಗೆ ಒಂದು ಗೊಂಚಲಿನ ಮುಂದೆ ಐದು ನಿಮಿಷ ಸುಮ್ನೆ ನಿಂತು ನೋಡಿ. ದುಂಬಿ ಹತ್ತಿರ ಬಂದ ತಕ್ಷಣ ನಾಲ್ಕು ಇರುವೆ ಒಟ್ಟಿಗೆ ಮೇಲೇರಿ ಬರುತ್ತವೆ, ದುಂಬಿ ರೆಕ್ಕೆ ಬಿಚ್ಚಿ ಹಾರಿಹೋಗುತ್ತದೆ. "ಬಿಟ್ಟ ಹುಳ ಎಲ್ಲಿ ಹೋಯ್ತು" ಅನ್ನುವ ಪ್ರಶ್ನೆಗೆ ಉತ್ತರ ಅಲ್ಲೇ ಸಿಗುತ್ತದೆ.

ಕೆಲಸದ ಕ್ರಮ ಹೀಗಿರಲಿ.

1. ನೆಲ ಮುಟ್ಟುವ ಕೆಳಗಿನ ರೆಂಬೆಗಳನ್ನು ಕತ್ತರಿಸಿ. ಇರುವೆ ಹತ್ತಲು ಕಾಂಡ ಒಂದೇ ದಾರಿ ಉಳಿಯಬೇಕು.
2. ಗಿಡಕ್ಕೆ ತಾಗುವ ಕಳೆ, ಬಳ್ಳಿ ತೆಗೆಯಿರಿ. ಇಡೀ ತೋಟದ ಕಳೆ ಬೋಳಿಸುವುದು ಬೇಡ. ಸಾಲಿನ ನಡುವೆ ಹೂಬಿಡುವ ಕಳೆ ಸ್ವಲ್ಪ ಇದ್ದರೆ ಕಣಜಗಳಿಗೆ ಮಕರಂದ ಸಿಗುತ್ತದೆ.
3. ಇರುವೆ ಸಾಲು ಹಿಡಿದು ಹಿಂದಕ್ಕೆ ಹೋಗಿ ಗೂಡು ಹುಡುಕಿ. ಕೆಲವು ಕಪ್ಪು ಇರುವೆ ನೆರಳಿನ ಮರದಲ್ಲಿ ಸಗಣಿ ಮುದ್ದೆಯಂಥ ಗೂಡು ಕಟ್ಟುತ್ತವೆ, ಚಗಳಿ ಅನ್ನುವ ಕೆಂಪು ಇರುವೆ ಎಲೆಗಳನ್ನು ಹೊಲಿದು ಕಟ್ಟುತ್ತದೆ. ತಿಗಣೆ ಇರುವ ಜಾಗದ ಗೂಡು ಮಾತ್ರ ತೆಗೆಯಿರಿ. ಚಗಳಿ ಬೇರೆ ಎಷ್ಟೋ ಹುಳ ಹಿಡಿದು ತಿನ್ನುತ್ತದೆ, ತೋಟದಿಂದಲೇ ಓಡಿಸಬೇಕಿಲ್ಲ.
4. ಇರುವೆ ಪುಡಿ ಹಾಕಲೇಬೇಕಾದರೆ ಬುಡದ ಸುತ್ತ ಮತ್ತು ಗೂಡಿನ ಬಾಯಿಗೆ ಮಾತ್ರ. ಎಲೆ ಮೇಲೆ, ಗೊಂಚಲ ಮೇಲೆ ಬೀಳಬಾರದು. ಯಾವ ಪುಡಿ, ಎಷ್ಟು ಅನ್ನುವುದನ್ನು ಹತ್ತಿರದ ಕಾಫಿ ಮಂಡಳಿ ಕಚೇರಿಯಲ್ಲಿ ಕೇಳಿಯೇ ಹಾಕಿ. ಬಳಕೆಗೆ ಒಪ್ಪಿಗೆ ಇರುವ ಮದ್ದಿನ ಪಟ್ಟಿ ಬದಲಾಗುತ್ತಿರುತ್ತದೆ.

ಕೆಲವರು ಕಾಂಡಕ್ಕೆ ನೇರವಾಗಿ ಗ್ರೀಸ್ ಬಳಿಯುತ್ತಾರೆ. ಸಿಪ್ಪೆಗೆ ಒಳ್ಳೆಯದಲ್ಲ. ಅಂಟುಪಟ್ಟಿ ಬೇಕಿದ್ದರೆ ಮೊದಲು ದಪ್ಪ ಕಾಗದವೋ ಪ್ಲಾಸ್ಟಿಕ್ಕೋ ಸುತ್ತಿ ಅದರ ಮೇಲೆ ಬಳಿಯಿರಿ.

ಒಂದು ವಾರ ಕಾದು ನೋಡಿ. ಇರುವೆ ಸಾಲು ನಿಂತಿದ್ದರೆ ಮಾತ್ರ ಮುಂದಿನ ಹಂತ.

## ಹಂತ 5: ಮಿತ್ರಕೀಟ ಬಿಡುವುದು

ಯಾವುದಕ್ಕೆ ಯಾವುದು ಅನ್ನುವುದು ಮೊದಲು. ಉದ್ದ ಚಪ್ಪಟೆ ಜಾತಿಯ ಹಿಟ್ಟು ತಿಗಣೆಗೆ ಲೆಪ್ಟೊಮಾಸ್ಟಿಕ್ಸ್ ಅನ್ನುವ ಜೇನು ಬಣ್ಣದ ಪುಟ್ಟ ಕಣಜ ಚೆನ್ನಾಗಿ ಕೆಲಸ ಮಾಡುತ್ತದೆ. ತಿಗಣೆಯ ಮೈಯೊಳಗೇ ಮೊಟ್ಟೆ ಇಡುತ್ತದೆ. ದುಂಡನೆಯ ಜಾತಿಗೆ ಅದನ್ನು ತಂದರೆ ದುಡ್ಡು ನೀರಿಗೆ ಹಾಕಿದ ಹಾಗೆ. ಕ್ರಿಪ್ಟೋಲೀಮಸ್ ಎರಡನ್ನೂ ತಿನ್ನುತ್ತದೆ, ಆದರೆ ಅದಕ್ಕೆ ಹುಳ ದಟ್ಟವಾಗಿರಬೇಕು. ತಿಗಣೆಯ ಮೊಟ್ಟೆ ಚೀಲ ಇರುವ ಕಡೆಯೇ ಅದು ತನ್ನ ಮೊಟ್ಟೆ ಇಡುವುದು. ಅಲ್ಲೊಂದು ಇಲ್ಲೊಂದು ತಿಗಣೆ ಇರುವ ಗಿಡಕ್ಕೆ ಕಣಜ, ಮುತ್ತಿಕೊಂಡ ಗಿಡಕ್ಕೆ ಗುಲಗಂಜಿ ಎಂದು ಇಟ್ಟುಕೊಳ್ಳಿ.

ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಅಥವಾ ಕೊಡಗಿನ ಚೆಟ್ಟಳ್ಳಿಯ ಉಪಕೇಂದ್ರದಲ್ಲಿ ವಿಚಾರಿಸಿ. ಹುಳ ಎಲ್ಲಿ ಸಿಗುತ್ತದೆ, ನಿಮ್ಮ ಗಿಡಕ್ಕೆ ಎಷ್ಟು ಬೇಕು ಅಂತ ಅವರು ಹೇಳುತ್ತಾರೆ. ಬೇಸಿಗೆ ಜೋರಾದ ಮೇಲೆ ಕೇಳಿದರೆ ತಡ. ಡಿಸೆಂಬರ್‌ನಲ್ಲೇ ಹೇಳಿಟ್ಟಿರಿ.

ತಂದ ಮೇಲೆ ಹೀಗೆ ಮಾಡಿ:

- ಹುಳದ ಡಬ್ಬಿಯನ್ನು ಬಿಸಿಲಲ್ಲಿ ನಿಂತ ಜೀಪಿನಲ್ಲಿ ಬಿಡಬೇಡಿ. ಒಂದು ಗಂಟೆ ಸಾಕು ಸಾಯಲು. ಒದ್ದೆ ಗೋಣಿ ಸುತ್ತಿ ನೆರಳಲ್ಲಿ ಒಯ್ಯಿರಿ.
- ಬೆಳಿಗ್ಗೆ ಬೇಗ ಅಥವಾ ಇಳಿ ಹೊತ್ತಿನಲ್ಲಿ ಬಿಡಿ. ಮಳೆ ಮೋಡ ಇರುವ ದಿನ ಬೇಡ.
- ದಾರ ಕಟ್ಟಿದ ಗಿಡಕ್ಕೆ ಮಾತ್ರ ಬಿಡಿ. ಎಲ್ಲಾ ಗಿಡಕ್ಕೂ ಸಮನಾಗಿ ಹಂಚಿದರೆ ಊಟ ಸಿಗದೆ ಹಾರಿಹೋಗುತ್ತವೆ.
- ಡಬ್ಬಿಯನ್ನು ಗೊಂಚಲಿಗೆ ಆನಿಸಿ ಹಿಡಿದು, ತಾವೇ ಹತ್ತಿಕೊಳ್ಳಲು ಬಿಡಿ. ಕೊಡವಬೇಡಿ.
- ಆ ಬ್ಲಾಕಿಗೆ ಮದ್ದು ಹೊಡೆದಿದ್ದರೆ ಕನಿಷ್ಠ ಒಂದು ತಿಂಗಳು ಬಿಟ್ಟು ಹುಳ ಬಿಡುವುದು ನನ್ನ ಪದ್ಧತಿ. ಕೆಲವು ಮದ್ದಿನ ವಿಷ ಇನ್ನೂ ಹೆಚ್ಚು ದಿನ ಉಳಿಯುತ್ತದೆ, ಮದ್ದಿನ ಡಬ್ಬಿಯ ಮೇಲಿನ ಚೀಟಿ ಓದಿ.

ಆಮೇಲೆ ತಾಳ್ಮೆ ಬೇಕು. ಗುಲಗಂಜಿ ಹುಳ ಮೊಟ್ಟೆಯಿಂದ ದುಂಬಿಯಾಗಲು ಸುಮಾರು ಒಂದು ತಿಂಗಳು ಹಿಡಿಯುತ್ತದೆ. ಎರಡನೇ ವಾರದಲ್ಲಿ ಬಿಳಿ ಮರಿಗಳು ಕಾಣಬೇಕು. ಮೂರನೇ ವಾರಕ್ಕೂ ಒಂದೂ ಕಾಣದಿದ್ದರೆ ಮತ್ತೆ ಇರುವೆ ನೋಡಿ, ಹತ್ತಕ್ಕೆ ಎಂಟು ಸಲ ಕಾರಣ ಅಲ್ಲೇ ಸಿಕ್ಕಿದೆ ನನಗೆ. ಒಂದೂವರೆ ತಿಂಗಳ ಹೊತ್ತಿಗೆ ಗೊಂಚಲಲ್ಲಿ ಖಾಲಿ ಹಿಟ್ಟು ಮಾತ್ರ ಉಳಿದಿದ್ದರೆ ಕೆಲಸ ಆಗಿದೆ. ಬಿಳಿ ಇನ್ನೂ ಇದೆ ಅಂತ ಮದ್ದು ಹೊಡೆಯುವ ಮುಂಚೆ ಕಡ್ಡಿಯಿಂದ ಕೆದಕಿ ನೋಡಿ. ಒಳಗೆ ಹುಳವೇ ಇರುವುದಿಲ್ಲ.

## ಹಂತ 6: ಮದ್ದು, ಬೇಕಾದ ಗಿಡಕ್ಕೆ ಮಾತ್ರ

ಮಿತ್ರಕೀಟ ಇಲ್ಲ, ಹುಳ ದಿನೇ ದಿನೇ ಏರುತ್ತಿದೆ, ಎಳೆ ಕಾಯಿ ಉದುರುತ್ತಿದೆ ಅಂದರೆ ಮದ್ದು ಬೇಕಾಗಬಹುದು. ಆಗಲೂ ಮೊದಲು ನೀರು ಪ್ರಯೋಗಿಸಿ. ಜೋರಾಗಿ ನೀರು ಹೊಡೆದರೆ ತಿಗಣೆ ಬಹಳಷ್ಟು ಉದುರಿಹೋಗುತ್ತದೆ. ಮಳೆಗಾಲದಲ್ಲಿ ಅದು ತಾನಾಗಿ ಕಡಿಮೆಯಾಗುವುದು ಇದೇ ಕಾರಣಕ್ಕೆ. ಮತ್ತೂ ಉಳಿದರೆ ದಾರ ಕಟ್ಟಿದ ಗಿಡಕ್ಕೆ, ಅದರ ಸುತ್ತಲಿನ ಒಂದು ಸುತ್ತಿನ ಗಿಡಗಳಿಗೆ ಮಾತ್ರ ಮದ್ದು. ಇಡೀ ಬ್ಲಾಕಿಗೆ ಹೊಡೆದರೆ ಗುಲಗಂಜಿ, ಕಣಜ, ಜೇಡ ಎಲ್ಲವೂ ಸಾಯುತ್ತವೆ. ಗೆಣ್ಣಿನ ಸಂದಿಯಲ್ಲಿ, ಮೇಣದ ಒಳಗೆ ಕೂತ ತಿಗಣೆಯ ಮೊಟ್ಟೆ ಮಾತ್ರ ಉಳಿಯುತ್ತದೆ. ಒಂದೂವರೆ ತಿಂಗಳಲ್ಲಿ ಕಾವಲಿಲ್ಲದ ತೋಟದಲ್ಲಿ ಅದೇ ದುಪ್ಪಟ್ಟಾಗುತ್ತದೆ. ಫೆಬ್ರವರಿಯಲ್ಲಿ ಹೊಡೆದು ಏಪ್ರಿಲ್‌ನಲ್ಲಿ ಅಳುವ ಕಥೆ ಇದೇ.

ಹೂವು ಅರಳಿದಾಗ ಯಾವ ಕಾರಣಕ್ಕೂ ಕೀಟನಾಶಕ ಬೇಡ. ರೊಬಸ್ಟಾ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಬೇರೆ ಗಿಡದ ಪರಾಗ ಬೇಕು. ಅದನ್ನು ತರುವುದರಲ್ಲಿ ಗಾಳಿಯ ಜೊತೆ ಜೇನಿನ ಪಾಲೂ ದೊಡ್ಡದು. ಹೂಮಳೆ ಬಿದ್ದು ತೋಟ ಬೆಳ್ಳಗಾದ ವಾರ ಸ್ಪ್ರೇಯರ್ ಶೆಡ್ಡಿನಲ್ಲೇ ಇರಲಿ.

ಹಸಿರು ತಿಗಣೆಗೆ ಜೂನ್ ಆದ ಮೇಲೆ ಮದ್ದು ಹೊಡೆಯುವ ಮುಂಚೆ ಬಿಳಿ ಉಂಗುರ ಹುಡುಕಿ. ಹತ್ತರಲ್ಲಿ ಐದು ತಿಗಣೆಗೆ ಉಂಗುರ ಕಂಡರೆ ನಾನು ಕೈ ಕಟ್ಟಿ ಕೂರುತ್ತೇನೆ, ಮಳೆ ಉಳಿದದ್ದನ್ನು ಮುಗಿಸುತ್ತದೆ.

## ಹಂತ 7: ಬೆರಿ ಬೋರರ್‌ಗೆ ಕೊಯ್ಲಿನಿಂದಲೇ ಶುರು

ಕ್ರಮ ಇಲ್ಲಿ ತಿರುಗುಮುರುಗು. ಹುಳ ಕಾಯಿಯ ಒಳಗೆ ಕೂತಿರುತ್ತದೆ, ಹೊರಗಿನ ಮದ್ದು ತಲುಪುವುದಿಲ್ಲ. ಕೊಯ್ಲು ಮುಗಿದು ಮುಂದಿನ ಕಾಯಿ ಬಲಿಯುವವರೆಗೆ ಅದು ಬದುಕುವುದು ಗಿಡದಲ್ಲಿ ಉಳಿದ, ನೆಲಕ್ಕೆ ಬಿದ್ದ ಕಾಯಿಯಲ್ಲಿ. ಆ ಮನೆ ತೆಗೆದರೆ ಮುಂದಿನ ವರ್ಷದ ಬೀಜ ಉಳಿಯುವುದಿಲ್ಲ.

1. ಕಾಯಿ ಹಣ್ಣಾದ ಹಾಗೆ ಬೇಗ ಬೇಗ ಕೊಯ್ಯಿರಿ. ಬಿದ್ದದ್ದು ಮಣ್ಣಲ್ಲಿ ಸೇರದ ಹಾಗೆ ಗಿಡದ ಕೆಳಗೆ ನೆಟ್ ಹಾಸಿ.
2. ಕೊಯ್ಲಿನ ಕೊನೆಗೆ ಗಿಡದಲ್ಲಿ ಒಂದು ಕಾಯಿಯೂ ಇರದ ಹಾಗೆ ತೆಗೆಯಿರಿ. ಆಮೇಲೆ ನೆಲದ ಕಾಯಿ ಹೆಕ್ಕಿಸಿ. ಹೆಕ್ಕುವ ಕೂಲಿ ಜಾಸ್ತಿ ಅನ್ನಿಸುತ್ತದೆ. ಆದರೂ ಇದನ್ನು ಬಿಟ್ಟರೆ ಮಿಕ್ಕಿದ ಯಾವ ಕೆಲಸಕ್ಕೂ ಬೆಲೆ ಇಲ್ಲ.
3. ನೀರು ಹಾಯಿಸುವ ತೋಟದಲ್ಲಿ ಕಾಲವಲ್ಲದ ಕಾಲದಲ್ಲಿ ಹೂವು ಬಂದು ಅಕಾಲ ಕಾಯಿ ಕಟ್ಟುತ್ತದೆ. ಹುಳಕ್ಕೆ ಅದು ಸೇತುವೆ. ಕಂಡಲ್ಲೆಲ್ಲ ಕಿತ್ತು ತೆಗೆಯಿರಿ.
4. ತೂತು ಬಿದ್ದ ಕಾಯಿಯನ್ನು ಎಸೆಯಬೇಡಿ. ಕುದಿಯುವ ನೀರಿನಲ್ಲಿ ಎರಡು ಮೂರು ನಿಮಿಷ ಅದ್ದಿ, ಆಮೇಲೆ ಒಣಗಿಸಿ.
5. ಕಣದಲ್ಲಿ ಪೂರ್ತಿ ಒಣಗಿಸಿ. ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜ) ಶೇ. 10, ಅರೇಬಿಕಾ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಶೇ. 10.5, ರೊಬಸ್ಟಾ ಚೆರ್ರಿ ಶೇ. 11 ತೇವಾಂಶಕ್ಕೆ ಇಳಿಯಬೇಕು. ಹಸಿ ಉಳಿದರೆ ಗೋದಾಮಿನಲ್ಲೇ ಹುಳ ಮರಿ ಹಾಕುತ್ತದೆ, ಅಲ್ಲಿಂದ ತೋಟಕ್ಕೆ ಹಾರುತ್ತದೆ.

ಇಷ್ಟಾದ ಮೇಲೆ ಮಿತ್ರರ ಸರದಿ. ಬ್ಯುವೇರಿಯಾ ಅನ್ನುವ ಶಿಲೀಂಧ್ರವನ್ನು ಹವೆಯಲ್ಲಿ ತೇವ ಇರುವಾಗ, ಮಳೆ ಬಿಡುವು ಕೊಟ್ಟ ದಿನ ಸಿಂಪಡಿಸಬೇಕು. ದುಂಬಿ ಕಾಯಿ ಕೊರೆಯಲು ಶುರು ಮಾಡಿ ಹಿಂಭಾಗ ಇನ್ನೂ ಹೊರಗಿರುವ ಹೊತ್ತು ಸರಿಯಾದ ಸಮಯ. ಪೂರ್ತಿ ಒಳಗೆ ಹೋದ ಮೇಲೆ ತಲುಪುವುದಿಲ್ಲ. ತೂತಿನ ಬಾಯಲ್ಲಿ ಬಿಳಿ ಹತ್ತಿಯ ಚೂರು ಇಟ್ಟ ಹಾಗೆ ಕಂಡರೆ ಒಳಗಿನ ದುಂಬಿ ಸತ್ತಿದೆ. ಬೋರ್ಡೋ ದ್ರಾವಣವನ್ನು ಇದರ ಜೊತೆ ಒಂದೇ ಬ್ಯಾರೆಲ್‌ಗೆ ಹಾಕುವ ತಪ್ಪು ಬಹಳ ಕಡೆ ನೋಡಿದ್ದೇನೆ. ಬೋರ್ಡೋ ಇರುವುದೇ ಶಿಲೀಂಧ್ರ ಕೊಲ್ಲಲು, ಬ್ಯುವೇರಿಯಾವೂ ಶಿಲೀಂಧ್ರವೇ. ಎರಡರ ನಡುವೆ ದಿನಗಳ ಅಂತರ ಬೇಕು, ಬ್ಯಾರೆಲ್ಲನ್ನೂ ತೊಳೆದಿರಬೇಕು.

ಸೆಫಲೊನೊಮಿಯಾ ಅನ್ನುವ ಸಣ್ಣ ಕಪ್ಪು ಕಣಜ ಇನ್ನೊಂದು. ಬೋರರ್ ಕೊರೆದ ತೂತಿನಲ್ಲೇ ನುಗ್ಗಿ, ಒಳಗಿನ ಮೊಟ್ಟೆ ತಿಂದು, ಮರಿಗಳ ಮೇಲೆ ತನ್ನ ಮೊಟ್ಟೆ ಇಡುತ್ತದೆ. ಒಳ್ಳೆಯ ಕೆಲಸಗಾರ. ಆದರೆ ಇದನ್ನು ನಂಬಿ ಕಾಯಿ ಹೆಕ್ಕುವುದನ್ನು ಬಿಡಬೇಡಿ.

ಲೆಕ್ಕಕ್ಕೆ: ಬೇರೆ ಬೇರೆ ಗಿಡದಿಂದ 100 ಕಾಯಿ ನೋಡಿ ಎಷ್ಟಕ್ಕೆ ತೂತು ಬಿದ್ದಿದೆ ಎಣಿಸಿ, ತಿಂಗಳಿಗೊಮ್ಮೆ ಬರೆದಿಡಿ. ಜುಲೈ ಸಂಖ್ಯೆ ಮತ್ತು ಅಕ್ಟೋಬರ್ ಸಂಖ್ಯೆ ಪಕ್ಕ ಪಕ್ಕ ಇಟ್ಟರೆ ಏನಾಗುತ್ತಿದೆ ಅಂತ ನಿಮಗೇ ತಿಳಿಯುತ್ತದೆ.

## ಹಂತ 8: ಕಾಂಡಕೊರಕ, ಇಲ್ಲಿ ಕಾಯುವಂತಿಲ್ಲ

ಮರಕುಟಿಗ ಕೆಲವು ಹುಳು ತೆಗೆದು ತಿನ್ನುತ್ತದೆ, ಒಂದೆರಡು ಜಾತಿಯ ಕಣಜವೂ ಇದೆ. ಆದರೆ ಗಟ್ಟಿ ಮರದೊಳಗೆ ಹತ್ತು ತಿಂಗಳು ಕೂರುವ ಹುಳುವನ್ನು ಅವುಗಳಿಗೆ ಬಿಟ್ಟು ಅರೇಬಿಕಾ ಉಳಿಸಿಕೊಂಡವರನ್ನು ನಾನು ನೋಡಿಲ್ಲ.

ದುಂಬಿ ಹಾರುವುದು ವರ್ಷಕ್ಕೆ ಎರಡು ಸಲ: ಏಪ್ರಿಲ್ ಮೇ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್. ಹಾಗಾಗಿ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ, ಅವು ಹೊರಬರುವ ಮುಂಚೆ, ಗಿಡ ಗಿಡ ತಪಾಸಣೆ ಆಗಬೇಕು. ಕಣ್ಣಿಗಿಂತ ಬೆರಳು ನಂಬಿ. ಹೆಬ್ಬೆರಳನ್ನು ಕಾಂಡದ ಮೇಲೆ ಒತ್ತಿ ಮೇಲಿಂದ ಕೆಳಗೆ ಎಳೆಯಿರಿ. ಹಗ್ಗ ಹೂತಿಟ್ಟ ಹಾಗೆ ಉಬ್ಬು ಸಿಕ್ಕಿದರೆ ಹುಳು ಒಳಗಿದೆ. ಹೊರಗೆ ಪುಡಿ ಬೀಳುತ್ತದೆ ಅಂತ ಕಾಯಬೇಡಿ. ಈ ಹುಳು ಕೊರೆದ ಪುಡಿಯನ್ನು ಹಿಂದೆಯೇ ಗಟ್ಟಿಯಾಗಿ ತುಂಬಿಕೊಂಡು ಹೋಗುತ್ತದೆ, ಹೊರಗೆ ಏನೂ ಕಾಣುವುದಿಲ್ಲ.

ಸಿಕ್ಕ ಗಿಡವನ್ನು ಬುಡ ಸಮೇತ ಕಿತ್ತು ಸುಡಿ. ಸೌದೆ ಆಗುತ್ತದೆ ಅಂತ ಮನೆ ಹಿಂದೆ ಒಟ್ಟಿದರೆ ಏಪ್ರಿಲ್‌ನಲ್ಲಿ ಆ ಒಟ್ಟಿನಿಂದಲೇ ದುಂಬಿ ಹಾರುತ್ತದೆ. ಉಳಿದ ಗಿಡಗಳ ಕಾಂಡ, ದಪ್ಪ ರೆಂಬೆಗಳನ್ನು ತೆಂಗಿನ ಸಿಪ್ಪೆಯಿಂದ ಉಜ್ಜಿ ಸಡಿಲ ಸಿಪ್ಪೆ ತೆಗೆಯಿರಿ, ಮೊಟ್ಟೆ ಇಡುವ ಬಿರುಕು ಹೋಗುತ್ತದೆ. ಕತ್ತಿಯಿಂದ ಕೆರೆಯಬೇಡಿ, ಗಾಯವಾಗುತ್ತದೆ. ಆಮೇಲೆ ಶೇ. 10ರ ಸುಣ್ಣದ ನೀರು: 200 ಲೀಟರ್ ಬ್ಯಾರೆಲ್‌ಗೆ 20 ಕೆಜಿ ಸಿಂಪಡಿಸುವ ಸುಣ್ಣ, ಹಿಡಿದುಕೊಳ್ಳಲು ಸ್ವಲ್ಪ ಅಂಟು. ಕಾಂಡ ಸುತ್ತಲೂ ನೆನೆಯಬೇಕು. ದುಂಬಿ ಹಾರುವ ಮುಂಚೆ, ವಾಸನೆಯಿಂದ ದುಂಬಿಯನ್ನು ಸೆಳೆದು ಹಿಡಿಯುವ ಮೋಹಕ ಬಲೆಗಳನ್ನು ಎಕರೆಗೆ 10ರಂತೆ ಕಟ್ಟಬಹುದು.

ನೆರಳಿನ ಬಗ್ಗೆ ಎಚ್ಚರ. ಬಿಸಿಲು ಬಿದ್ದ ಕಾಂಡದ ಮೇಲೆ ಕಾಂಡಕೊರಕ ಮೊಟ್ಟೆ ಇಡುತ್ತದೆ. ದಟ್ಟ ಕತ್ತಲಿನ ತೋಟದಲ್ಲಿ ಬೆರಿ ಬೋರರ್ ಹೆಚ್ಚು. ಮರಗಸಿ, ಅಂದರೆ ನೆರಳಿನ ಮರದ ರೆಂಬೆ ಕಡಿಯುವ ಕೆಲಸ, ಮಾಡುವಾಗ ಒಂದೇ ಕಡೆ ಆಕಾಶ ತೆರೆಯದ ಹಾಗೆ ಸಮನಾಗಿ ತೆಳು ಮಾಡಿಸಿ. ಅರೇಬಿಕಾ ಬ್ಲಾಕಿನಲ್ಲಿ ಮರ ಬಿದ್ದು ಖಾಲಿಯಾದ ಜಾಗ ಇದ್ದರೆ ಮಳೆ ಶುರುವಿಗೆ ಅಲ್ಲಿ ನೆರಳಿಗೆ ಹಾಲುವಾಣ ಮರದ ಗೂಟ ನೆಡಿ. ಮುಂದಿನ ಮಾರ್ಚ್ ತಪಾಸಣೆಯನ್ನು ಆ ಜಾಗದಿಂದಲೇ ಶುರು ಮಾಡಿ.

## ಈ ಗುರುತು ಕಂಡರೆ ತಕ್ಷಣ ನಿಲ್ಲಿಸಿ

ಮದ್ದು ಹೊಡೆದ ಮಾರನೇ ದಿನ ಗಿಡದ ಕೆಳಗೆ ಬಿಳಿ ಹಾಳೆ ಹಾಸಿ ರೆಂಬೆ ಅಲುಗಿಸಿ. ಹಾಳೆ ಮೇಲೆ ಸತ್ತ ಗುಲಗಂಜಿ, ಜೇಡಗಳೇ ಜಾಸ್ತಿ ಬಿದ್ದರೆ ಉಳಿದ ಗಿಡಗಳಿಗೆ ಆ ಮದ್ದು ಬೇಡ.

ಮದ್ದು ಹೊಡೆದ ಬ್ಲಾಕಿನಲ್ಲಿ, ಹಿಂದೆಂದೂ ಕಾಣದ ಹಸಿರು ತಿಗಣೆ ಒಮ್ಮೆಲೇ ಎದ್ದರೆ, ಅದರ ಶತ್ರುಗಳನ್ನು ನೀವೇ ಕೊಂದಿದ್ದೀರಿ. ಮತ್ತೊಂದು ಮದ್ದು ಹುಡುಕದೆ 4ನೇ ಹಂತದ ಇರುವೆ ಕೆಲಸಕ್ಕೆ ವಾಪಸ್ ಹೋಗಿ.

ಎಳೆ ಗಿಡ ಮೇಲೆ ಏನೂ ಕಾಣದೆ ಸೊರಗುತ್ತಿದ್ದರೆ, ಬುಡದಲ್ಲಿ ಇರುವೆ ಓಡಾಡುತ್ತಿದ್ದರೆ, ಮಣ್ಣು ಸರಿಸಿ ಬೇರು ನೋಡಿ. ಹಿಟ್ಟು ತಿಗಣೆ ಬೇರಿನಲ್ಲೂ ಕೂರುತ್ತದೆ.

ಹುಳ ಯಾವುದು ಅಂತ ಗೊತ್ತೇ ಆಗದಿದ್ದರೆ ಫೋಟೋ ಸಾಲದು. ಹುಳ ಕೂತ ಕಡ್ಡಿಯನ್ನು ಒಣ ಕಾಗದದಲ್ಲಿ ಸುತ್ತಿ, ಗಾಳಿಯಾಡುವ ಡಬ್ಬಿಯಲ್ಲಿ ಹಾಕಿ, ತೋಟದ ಜಾಗ ಮತ್ತು ತಾರೀಖು ಬರೆದು ಸಂಶೋಧನಾ ಕೇಂದ್ರಕ್ಕೆ ಒಯ್ಯಿರಿ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಬೆವತು ಕೊಳೆಯುತ್ತದೆ, ದಾರಿಯಲ್ಲೇ ಗುರುತು ಸಿಗದ ಹಾಗೆ ಆಗುತ್ತದೆ.